ಪಕ್ಕಕ್ಕೆ ಕೂತವರ ಚರಿತ್ರೆ ಯಾರು ಬರೀತಾರ?

ಜರ್ಮನಿಯ ಜಾಝ್ ರಾಕ್ ಸಂಗೀತದ ಬಗ್ಗೆ ಹುಚ್ಚು ಹಿಡಿಸಿಕೊಂಡ ಯಾರನ್ನಾದರೂ ಮಾತಿಗೆಳೆಯಿರಿ. ಹತ್ತು ನಿಮಿಷದೊಳಗೆ ಅವನ ಬಾಯಲ್ಲಿ ‘ಕರ್ನಾಟಕ’ ಎಂಬ ಪದ ಬರುತ್ತದೆ. ಅವನು ಹೇಳುತ್ತಿರುವುದು ಹಂಪಿಯ ಬಗ್ಗೆ ಅಲ್ಲ, ಐಟಿ ಕಂಪನಿಗಳ ಬಗ್ಗೆಯೂ ಅಲ್ಲ. ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಬೆಂಗಳೂರಿನ ಒಂದು ಲಯವಾದ್ಯ ಶಾಲೆಯ ಬಗ್ಗೆ. ಈಗ ಅದೇ ಹೆಸರನ್ನು ಗದಗಿನಲ್ಲೋ, ಧಾರವಾಡದಲ್ಲೋ, ಹೋಗಲಿ ಬೆಂಗಳೂರಿನಲ್ಲೇ ನಾಲ್ಕು ಮಂದಿ ಸಂಗೀತ ರಸಿಕರ ಮುಂದೆ ಎತ್ತಿ ನೋಡಿ. ಮೂವರು ‘ಯಾವ ಕಾಲೇಜ್ರಿ ಅದು, ಬಿ.ಎ. ಐತೇನು?’ ಅಂತ ಕೇಳ್ತಾರೆ. ನಾಲ್ಕನೆಯವರು ‘ಹಾಂ ಹಾಂ, ಆ ಫ್ಯೂಜನ್ ಮಂದಿ’ ಅಂದು ಮಾತು ಮುಗಿಸ್ತಾರೆ.

ನನ್ನ ಜಗಳ ಇರುವುದು ಈ ನಾಲ್ಕನೆಯವರ ಜೊತೆ. ಗೊತ್ತಿಲ್ಲದವರಿಗೆ ಹೇಳಬಹುದು. ಗೊತ್ತಿದ್ದೂ ಒಂದು ಪದದಲ್ಲಿ ಕಟ್ಟಿ ಅಟ್ಟಕ್ಕೆ ಎಸೆಯುವವರಿಗೆ ಏನು ಹೇಳುವುದು?

ಮೊದಲು ಕಥೆ ಹೇಳಿಬಿಡ್ತೀನಿ. ಕಥೆ ಗೊತ್ತಿಲ್ಲದೆ ಜಗಳ ಕೇಳೋದು ಸರಿಯಲ್ಲ.

1969ರಲ್ಲಿ ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯಾನ್ ಬುರ್ಖಾರ್ಡ್ ಎಂಬ ಡ್ರಮ್ ಮತ್ತು ವೈಬ್ರಾಫೋನ್ ವಾದಕ ಒಂದು ತಂಡ ಕಟ್ಟಿದ. ಹೆಸರು ಎಂಬ್ರಿಯೊ, ಅಂದರೆ ಭ್ರೂಣ. ಅಮೆರಿಕದಲ್ಲಿ ಮೈಲ್ಸ್ ಡೇವಿಸ್ ‘ಬಿಚಸ್ ಬ್ರೂ’ ಧ್ವನಿಮುದ್ರಿಸಿಕೊಂಡದ್ದೂ ಅದೇ ವರ್ಷ. ಜಾಝ್‌ನ ಮನೋಧರ್ಮವನ್ನು ರಾಕ್‌ನ ವಿದ್ಯುತ್ ಗಿಟಾರು ಮತ್ತು ಗಟ್ಟಿ ಡ್ರಮ್ಮಿನ ಜೊತೆ ಕೂಡಿಸಬಹುದು ಅಂತ ಜಗತ್ತಿನ ಹಲವು ಕಡೆ ಒಟ್ಟೊಟ್ಟಿಗೇ ಹೊಳೆದ ಕಾಲ ಅದು. ಎಂಬ್ರಿಯೊ ದೊಡ್ಡ ದುಡ್ಡಿನ ತಂಡ ಯಾವತ್ತೂ ಆಗಲಿಲ್ಲ. 1970ರ ದಶಕದ ನಡುವಿನಲ್ಲಿ, ರೆಕಾರ್ಡ್ ಕಂಪನಿಗಳ ಸಹವಾಸ ಸಾಕಾಗಿ, ಬೇರೆ ಕೆಲವು ಜರ್ಮನ್ ತಂಡಗಳ ಜೊತೆ ಸೇರಿ ಸಂಗೀತಗಾರರೇ ನಡೆಸುವ ಒಂದು ಕಂಪನಿ ಹುಟ್ಟುಹಾಕಿದರು. ಅದು ಮುಂದೆ ಶ್ನೇಬಾಲ್ ಎಂಬ ಹೆಸರಿನಿಂದ ನಡೆಯಿತು. ನಮ್ಮ ಕಡೆಯ ಭಾಷೆಯಲ್ಲಿ ಹೇಳಬೇಕಂದ್ರ, ದಲಾಲಿ ಅಂಗಡಿ ಬಿಟ್ಟು ಸ್ವಂತ ಸಂತಿ ಹೂಡಿದರು.

ಈ ತಂಡದ 1973ರ ‘ವೀ ಕೀಪ್ ಆನ್’ ಆಲ್ಬಮ್ಮಿನಲ್ಲಿ ಚಾರ್ಲಿ ಮರಿಯಾನೊ ಇದ್ದಾನೆ. 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ. ಚಾರ್ಲ್ಸ್ ಮಿಂಗಸ್‌ನಂಥವನ ಜೊತೆ 1963ರಲ್ಲೇ ನುಡಿಸಿದವನು. ಅಷ್ಟು ಹೆಸರಿದ್ದ ಮನುಷ್ಯ, ವಯಸ್ಸು ಐವತ್ತರ ಹತ್ತಿರ ಬಂದಾಗ, ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿಯಲು ಕೂತ. ಐವತ್ತರ ಹತ್ತಿರ ಬಂದವರು ನಮ್ಮಲ್ಲಿ ಸನ್ಮಾನಕ್ಕೆ ಶಾಲು ಅಳೀತಿರ್ತಾರೆ.

ಎಂಬ್ರಿಯೊದ 1977ರ ‘ಅಪೊ ಕ್ಯಾಲಿಪ್ಸೊ’ದಲ್ಲಿ ಹಾಡಿದ ಶೋಭಾ ಗುರ್ಟು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಮರುವರ್ಷ ಈ ತಂಡ ಬಸ್ಸು ಹತ್ತಿತು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ, ದಾರಿಯುದ್ದಕ್ಕೂ ಅಲ್ಲಲ್ಲಿನ ವಾದಕರ ಜೊತೆ ಕೂತು ನುಡಿಸುತ್ತ ಭಾರತಕ್ಕೆ ಬಂತು. ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ಎಲ್‌ಪಿ, ‘ವಾಗಾಬುಂಡೆನ್ ಕರವಾನೆ’ ಎಂಬ ಸಾಕ್ಷ್ಯಚಿತ್ರ ಎರಡೂ ಆ ಪ್ರಯಾಣದ ಫಸಲು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಬಸ್ಸಿನಲ್ಲಿ ಯುರೋಪಿನಿಂದ ಭಾರತಕ್ಕೆ ಬರುವ ದಾರಿಯೇ ಮುಚ್ಚಿಹೋಯಿತು.

ಇತ್ತ ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲೇ ಲಯವಾದ್ಯಗಳಿಗೆ ಅಂತಲೇ ಒಂದು ಶಾಲೆ ತೆರೆದಿದ್ದರು. ಅದೇ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ತವಿಲು, ಬಾಯಿಂದ ಹೇಳುವ ಕೊನ್ನಕ್ಕೋಲು ಅಲ್ಲಿನ ಪಾಠ. ಹ್ಯೂಮನ್ ಬಾಂಡೇಜ್ ಎಂಬ, 1970ರ ದಶಕದಲ್ಲಿ ಹೆಸರು ಮಾಡಿದ್ದ ರಾಕ್ ತಂಡದ ಡ್ರಮ್ಮರ್ ರಮೇಶ್ ಶೋಥಂ ತವಿಲು ಕಲಿಯಲು ಬಂದದ್ದು ಇಲ್ಲಿಗೇ. ಮುಂದೆ ಅವರು ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ ಯುರೋಪಿನ ಜಾಝ್ ಲೋಕದಲ್ಲಿ ಹೆಸರಾದರು.

ಈ ಎರಡು ದಾರಿಗಳು ಕೂಡಿದ ಜಾಗದಲ್ಲಿ ಹುಟ್ಟಿದ್ದು 1980ರ ‘ಲೈಫ್’. ಎಂಬ್ರಿಯೊ, ಚಾರ್ಲಿ ಮರಿಯಾನೊ, ಬೆಂಗಳೂರಿನ ಲಯವಾದ್ಯದವರು, ಎಲ್ಲ ಒಂದೇ ವೇದಿಕೆಯಲ್ಲಿ. ಎಂಬ್ರಿಯೊದಿಂದ ಹೊರಬಂದ ಮೂವರು ಡಿಸಿಡೆಂಟನ್ ಎಂಬ ತಂಡ ಕಟ್ಟಿದಾಗ ಅವರ ಮೊದಲ ಆಲ್ಬಮ್ ‘ಜರ್ಮನಿಸ್ತಾನ್’ನಲ್ಲೂ (1982) ಇದೇ ಬೆಂಗಳೂರಿನವರು. 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಇಸಿಎಂ ಕಂಪನಿಗಾಗಿ ಧ್ವನಿಮುದ್ರಣವಾದದ್ದು ‘ಜ್ಯೋತಿ’. ಮರಿಯಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು, ಆರ್.ಎ. ರಮಾಮಣಿ ಹಾಡುಗಾರಿಕೆ ಮತ್ತು ತಂಬೂರಿ, ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ. ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಅಂತ ಅದರೊಳಗಿನ ರಚನೆಗಳ ಹೆಸರು. ಬರ್ಲಿನ್ನಿನವನೊಬ್ಬ ನಾಲಿಗೆ ಹೊರಳಿಸಿ ‘ವರ್ಷಿಣಿ’ ಅನ್ನುವಾಗ ನಮ್ಮಲ್ಲಿ ಆ ಹೆಸರು ಕೇಳಿದವರೇ ಇಲ್ಲ.

ಇದು ಕಥೆ. ಈಗ ಜಗಳ.

ಮೊದಲನೆಯ ಆಕ್ಷೇಪ, ‘ಇದು ಕಲಬೆರಕೆ’ ಅನ್ನೋದು. ಕಲಬೆರಕೆ ಅನ್ನುವ ಪದವನ್ನು ನಾವು ಎಣ್ಣೆಗೆ, ಹಾಲಿಗೆ, ಖಾರದಪುಡಿಗೆ ಬಳಸೋದು. ಒಳ್ಳೆಯ ಮಾಲಿಗೆ ಕೆಟ್ಟ ಮಾಲು ಬೆರೆಸಿ ಒಳ್ಳೆಯದರ ರೇಟಿಗೆ ಮಾರುವವನಿಗೆ ಹೇಳೋ ಮಾತು. ಅಂದ್ರೆ ಈ ಮಾತು ಆಡುವವರ ಪ್ರಕಾರ ಒಂದು ಸಂಗೀತ ಒಳ್ಳೆಯ ಮಾಲು, ಇನ್ನೊಂದು ಕೆಟ್ಟದ್ದು. ಹಾಗಿದ್ದರೆ ಗದಗ ಜಿಲ್ಲೆಯಲ್ಲಿ ನಿಂತು ಈ ಮಾತು ಆಡುವವರು ಸ್ವಲ್ಪ ನೆಲ ನೋಡಿ ಮಾತಾಡಬೇಕು. ನಾನು ಅಂತೂರ ಬೆಂತೂರದವನು. ನಮಗೆ ಸಂಗೀತ ಅಂದ್ರೆ ಮೊದಲು ನೆನಪಾಗೋದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಜನ ಕೊಟ್ಟ ಬಿರುದು ಯಾವುದು? ಉಭಯಗಾನ ವಿಶಾರದ. ಹಿಂದೂಸ್ತಾನಿ, ಕರ್ನಾಟಕ ಎರಡನ್ನೂ ಕಲಿತು ಎರಡರಲ್ಲೂ ಹಾಡಿದ್ದಕ್ಕೆ ಆ ಬಿರುದು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಎರಡು ಪದ್ಧತಿ ಸಾಲದು ಅಂತ ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸಿದರು. ಎರಡು ಕಲಿತವರನ್ನು ದೇವರು ಅಂತ ಪೂಜಿಸ್ತೀರಿ. ಮೂರನೆಯದಕ್ಕೆ ಕೈ ಚಾಚಿದವನು ಮಾತ್ರ ಕಲಬೆರಕೆಯವ. ಇದ್ಯಾವ ನ್ಯಾಯ?

ಇನ್ನೂ ಹಿಂದಕ್ಕೆ ಹೋಗೋಣ. ಉತ್ತರದ ಕಿರಾಣಾದಿಂದ ಬಂದ ಅಬ್ದುಲ್ ಕರೀಂ ಖಾನರು ದಕ್ಷಿಣದ ಸಂಗೀತವನ್ನು ಕಿವಿಗೊಟ್ಟು ಕೇಳಿ, ಅದರ ಸ್ವರ ಹಾಡುವ ರೀತಿಯನ್ನು ತಮ್ಮದಕ್ಕೆ ತಂದುಕೊಂಡರು. ತ್ಯಾಗರಾಜರ ಕೃತಿಯನ್ನೇ ಹಾಡಿ ರೆಕಾರ್ಡ್ ಕೊಟ್ಟರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ನಮ್ಮ ಊರುಗಳ ಗಾಯನ ಪರಂಪರೆ ಅಂತ ಯಾವುದನ್ನು ಎದೆ ತಟ್ಟಿ ಹೇಳ್ತೀವೋ ಅದರ ಬೇರೇ ಹೊರಗಿನಿಂದ ಬಂದವನು ಇಲ್ಲಿಯದನ್ನು ಕೇಳಿ ಕಲಿತದ್ದರಲ್ಲಿದೆ.

ಹಾರ್ಮೋನಿಯಂ ಮಾತು ಬೇಡವೇ ಬೇಡ ಅಂದ್ಕೊಂಡಿದ್ದೆ, ಆದರೂ ಹೇಳಿಬಿಡ್ತೀನಿ. 19ನೆಯ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಪೆಟ್ಟಿಗೆ ಅದು. ನಮ್ಮ ಗಮಕಕ್ಕೆ ಒಗ್ಗದ ಪರದೇಶಿ ವಾದ್ಯ ಅಂತ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಟ್ಟುಕೊಳ್ಳಲು 1970ರ ದಶಕ ಬರಬೇಕಾಯಿತು. ಅಷ್ಟರಲ್ಲಿ ನಮ್ಮ ಊರ ಗುಡಿಯ ಭಜನೆ, ಬಯಲಾಟ, ಕಂಪನಿ ನಾಟಕ ಯಾವುದೂ ಆಕಾಶವಾಣಿಯ ಅಪ್ಪಣೆಗೆ ಕಾಯದೆ ಪೆಟ್ಟಿಗೆಯನ್ನು ತಮ್ಮದು ಮಾಡಿಕೊಂಡಿದ್ದವು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕಥೆಯೂ ಅದೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದ ವಾದ್ಯವನ್ನು ಹಠ ಹಿಡಿದು ರಾಗಕ್ಕೆ ಒಗ್ಗಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಅವರು ನುಡಿಸಿದಾಗ ಯಾರೂ ಕಲಬೆರಕೆ ಅನ್ನಲಿಲ್ಲ. ಯಾಕಂದ್ರ ಅಲ್ಲಿ ಸ್ಯಾಕ್ಸೊಫೋನು ನಮ್ಮ ಕೃತಿ ನುಡಿಸಿತು. ಹೊರಗಿನದು ನಮ್ಮ ಮನೆಗೆ ಬಂದು ನಮ್ಮ ರೀತಿ ಉಂಡರೆ ಸರಿ, ನಮ್ಮದು ಹೊರಗೆ ಹೋಗಿ ಅವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತರೆ ಮೈಲಿಗೆ. ಮಾತನ್ನು ಬಿಚ್ಚಿ ನೋಡಿದರೆ ಒಳಗಿರೋದು ಇಷ್ಟೇ.

ಎರಡನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಆದರೆ ನನ್ನ ಪ್ರಕಾರ ಈ ಚರಿತ್ರೆ ಕಾಣೆಯಾದದ್ದಕ್ಕೆ ಅದೇ ದೊಡ್ಡ ಕಾರಣ. ಮಣಿಯವರ ತಂಡ ಬಾರಿಸುವವರ ತಂಡ. ನಮ್ಮಲ್ಲಿ ಬಾರಿಸುವವರಿಗೆ ಇಟ್ಟ ಹೆಸರೇ ‘ಪಕ್ಕವಾದ್ಯ’. ಉತ್ತರದ ಕಡೆ ‘ಸಾಥ್’. ಪಕ್ಕ ಅಂದ್ರೆ ಪಕ್ಕ, ನಡುವೆ ಅಲ್ಲ. ಪೋಸ್ಟರಿನಲ್ಲಿ ಹಾಡುವವರ ಫೋಟೊ ಬಾಗಿಲಷ್ಟು ದೊಡ್ಡದು, ತಬಲಾದವರ ಹೆಸರು ಇರುವೆಯಷ್ಟು ಸಣ್ಣದು. ಕಛೇರಿಯಲ್ಲಿ ತನಿ ಆವರ್ತನ ಶುರುವಾಯಿತೋ ಇಲ್ಲವೋ, ಅರ್ಧ ಸಭೆ ಕಾಫಿಗೆ ಎದ್ದು ಹೋಗುತ್ತದೆ. ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಏನು ನಡೀತಿದೆ ಗೊತ್ತೇನ್ರಿ? ಎಂಟು ಅಕ್ಷರದ ಆದಿತಾಳದೊಳಗೆ ಒಂದೊಂದು ಅಕ್ಷರಕ್ಕೂ ಐದರ ನಡೆ ತುಂಬಿ, ನಲವತ್ತು ಮಾತ್ರೆಗಳನ್ನು ಮನಸ್ಸಿನಲ್ಲೇ ಎಣಿಸಿ, ಬೇರೆ ಬೇರೆ ತುಂಡುಗಳಾಗಿ ಒಡೆದು, ಮತ್ತೆ ಜೋಡಿಸಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಸಮಕ್ಕೆ ತಂದು ನಿಲ್ಲಿಸುತ್ತಿದ್ದಾರೆ. ಇದು ಗಣಿತ, ಇದು ಆಟ, ಇದೇ ಸಂಗೀತ. ಅದಕ್ಕೆ ನಾವು ಕೊಟ್ಟ ಹೆಸರು ಕಾಫಿ ವೇಳೆ.

ಜಾಝ್ ರಾಕ್‌ನವರು ಮಣಿಯವರ ಹತ್ತಿರ ಬಂದದ್ದು ಇದಕ್ಕೇ. ಸಾಮಾನ್ಯ ರಾಕ್ ಹಾಡಿನ ಲೆಕ್ಕ ನಾಲ್ಕು. ಒಂದು ಎರಡು ಮೂರು ನಾಲ್ಕು, ಮತ್ತೆ ಒಂದು. 1970ರ ದಶಕದ ಜಾಝ್ ರಾಕ್ ವಾದಕರಿಗೆ ಈ ನಾಲ್ಕರ ಚೌಕಟ್ಟು ಬೇಸರ ಬಂದಿತ್ತು. ಐದು, ಏಳು, ಒಂಬತ್ತರ ಲೆಕ್ಕಕ್ಕೆ ಕೈ ಹಾಕಿದರು. ಅದನ್ನು ಅವರು ಕಾಗದದ ಮೇಲೆ ಬರೆದು, ಓದಿ, ತಡವರಿಸಿ ನುಡಿಸುವಾಗ ಬೆಂಗಳೂರಿನಲ್ಲಿ ಶಾಲೆ ಹುಡುಗ ‘ತಕ ತಕಿಟ’ ಅಂದು ಐದನ್ನೂ ‘ತಕಿಟ ತಕಧಿಮಿ’ ಅಂದು ಏಳನ್ನೂ ಬಾಯಲ್ಲೇ ಆಡುತ್ತಿದ್ದ. ಎಣಿಸುವುದಲ್ಲ, ಮಾತಾಡುವುದು. ಲೆಕ್ಕ ಇಲ್ಲಿ ಭಾಷೆಯಾಗಿತ್ತು. ಇದು ಮೇಲೆ ಹಚ್ಚಿದ ಊದುಬತ್ತಿಯ ವಾಸನೆಯಲ್ಲ. ಆ ಕಾಲದ ಎಷ್ಟೋ ಪಾಶ್ಚಾತ್ಯ ತಂಡಗಳು ಒಂದು ಸಿತಾರ್ ತಂದು ಮೂಲೆಯಲ್ಲಿ ಝೇಂಕರಿಸಿ ಭಾರತ ಅಂತ ಮಾರಿದವು, ನಿಜ. ಅವನ್ನು ಬೈಯಿರಿ, ನಾನೂ ಬರ್ತೀನಿ ಜೊತೆಗೆ. ಆದರೆ ಮೃದಂಗವೇ ಅಡಿಪಾಯ ಆಗಿ, ಸ್ಯಾಕ್ಸೊಫೋನು ಅದರ ಮೇಲೆ ಮನೆ ಕಟ್ಟಿದ ‘ಜ್ಯೋತಿ’ಯನ್ನು ಅವುಗಳ ಸಾಲಿಗೆ ಹಾಕಬೇಡಿ. ಅಲ್ಲಿ ರಮಾಮಣಿಯವರ ಆಲಾಪವೂ ಬಾರಿಸುವವರ ಲೆಕ್ಕವೂ ಒಂದರ ಹಿಂದೆ ಒಂದು ನಿಂತಿಲ್ಲ. ಎದುರುಬದುರು ಕೂತು ಮಾತಾಡುತ್ತವೆ.

ನಮ್ಮೂರ ಗುಡಿಯ ಕಟ್ಟಿಯ ಮೇಲೆ ಕೂತು ಒಮ್ಮೆ ನನ್ನ ಫೋನಿನಲ್ಲಿ ಇದನ್ನೇ ಹಚ್ಚಿದ್ದೆ. ಹರೇದಾಗ ಕರಡಿ ಮಜಲಿನಲ್ಲಿ ಬಾರಿಸುತ್ತಿದ್ದ ಒಬ್ಬ ಕಾಕಾ ಪಕ್ಕದಲ್ಲಿದ್ದರು. ಸ್ಯಾಕ್ಸೊಫೋನಿಗೆ ಮುಖ ಸಿಂಡರಿಸಲಿಲ್ಲ. ಸ್ವಲ್ಪ ಹೊತ್ತು ತೊಡೆ ಮೇಲೆ ಬೆರಳು ಆಡಿಸಿದರು.

‘ಯಾರೋ ತಮ್ಮಾ ಬಾರಸಾಕತ್ತಾರ? ಲೆಕ್ಕ ಭಾಳ ಬಿಗಿ ಐತಿ.’

‘ಬೆಂಗಳೂರಿನವ್ರು ಕಾಕಾ. ಜರ್ಮನಿಯಾಗ ರೆಕಾರ್ಡ್ ಮಾಡ್ಯಾರ.’

‘ಎಲ್ಯಾರ ಮಾಡ್ಲಿ. ಬೀಳೂ ಜಾಗಾದಾಗ ಬಂದು ಬಿತ್ತಿಲ್ಲೋ? ಮುಗೀತು.’

ಸಂಗೀತದ ಮೇಲೆ ಪುಸ್ತಕ ಬರೆದವರಿಗೆ ಹೊಳೆಯದ್ದು ಕಾಕಾಗೆ ಹೊಳೆಯಿತು, ಯಾಕಂದ್ರ ಅವರು ಬಾರಿಸಿದವರು. ಕರಡಿ ಮಜಲು ಅಂದರೆ ಏನು? ಕರಡಿಯ ಗುಡುಗು, ಸನಾದಿಯ ಕೂಗು, ತಾಳದ ಬಿಗಿ, ಬೀದಿಯಲ್ಲಿ ನಿಂತು ಒಬ್ಬರನ್ನೊಬ್ಬರು ಕೆಣಕುತ್ತ ಏರಿಸುವ ವೇಗ. ಅಲ್ಲಿ ಯಾರೂ ಪಕ್ಕವಾದ್ಯ ಅಲ್ಲ. ಬಾರಿಸುವವನೇ ನಾಯಕ. ಆದರೆ ಅದಕ್ಕೆ ನಾವು ‘ಜಾನಪದ’ ಅಂತ ಚೀಟಿ ಅಂಟಿಸಿ ಮೆರವಣಿಗೆಗೆ ಮೀಸಲಿಟ್ಟೆವು. ಚರ್ಮ ಬಿಗಿದ ವಾದ್ಯವನ್ನೂ ಅದನ್ನು ಮುಟ್ಟುವ ಕೈಯನ್ನೂ ದೂರ ಇಡೋದು ನಮ್ಮ ಸಮಾಜಕ್ಕೆ ಹೊಸದಲ್ಲ. ಹಲಗೆ ಬಾರಿಸುವವನು ದೇವರ ಮುಂದೆ ಮೆರವಣಿಗೆಯಲ್ಲಿ ಬೇಕು, ಗುಡಿಯೊಳಗೆ ಬೇಡ. ಆ ಹಳೇ ರೋಗದ್ದೇ ಸಣ್ಣ, ಸಭ್ಯ ರೂಪ ‘ಪಕ್ಕವಾದ್ಯ’ ಅನ್ನುವ ಪದ. ಹೀಗಿರುವಾಗ ಬಾರಿಸುವವರೇ ಸೇರಿ ಕಟ್ಟಿದ ಶಾಲೆಗೆ, ಬಾರಿಸುವವರೇ ನಡುವೆ ಕೂತ ತಂಡಕ್ಕೆ ನಮ್ಮ ಚರಿತ್ರೆಯಲ್ಲಿ ಯಾವ ಕುರ್ಚಿ ಹಾಕೋದು? ಶಾಸ್ತ್ರೀಯ, ಸುಗಮ, ಜಾನಪದ, ಸಿನಿಮಾ ಅಂತ ನಾಲ್ಕು ಡಬ್ಬಿ ಇಟ್ಟಿದ್ದೀವಿ. ಐದನೆಯದು ಬಂದರೆ ‘ಫ್ಯೂಜನ್’ ಅಂತ ಕಸದ ಬುಟ್ಟಿ.

ಮೂರನೆಯ ಗುಂಪೊಂದಿದೆ. ಇವರು ಆಕ್ಷೇಪ ಎತ್ತುವವರಲ್ಲ, ಹೊಗಳುವವರು. ‘ನೋಡ್ರಿ, ನಮ್ಮವರು ಜರ್ಮನಿಯಲ್ಲಿ ಮಿಂಚಿದರು! ಪರದೇಶಿಗಳು ನಮ್ಮ ಕಾಲಿಗೆ ಬಿದ್ದರು!’ ಅಂತ ವಾಟ್ಸ್ಯಾಪ್ ತುಂಬಿಸುವವರು. ಇವರ ಜೊತೆಗೂ ನಾನು ಇಲ್ಲ. ಸಾಹೇಬ ತಲೆದೂಗಿದ ಮೇಲೆ ನಾವು ಚಪ್ಪಾಳೆ ತಟ್ಟೋದು ಅಭಿಮಾನ ಅಲ್ಲ, ಹಳೇ ಗುಲಾಮಗಿರಿ. ಇಲ್ಲಿ ಯಾರೂ ಯಾರ ಕಾಲಿಗೂ ಬೀಳಲಿಲ್ಲ. ಮರಿಯಾನೊ ಕಲಿಯಲು ಬಂದ, ಸರಿ. ಮಣಿ, ರಮಾಮಣಿ ಕೂಡ ಕಲಿತರು. ಮೈಕ್ ಹರ್ಟಿಂಗ್ ಜೊತೆ, ಕಲೋನ್ ರೇಡಿಯೊದ ದೊಡ್ಡ ಬ್ಯಾಂಡಿನ ಜೊತೆ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ಮಾಡುವಷ್ಟರ ಹೊತ್ತಿಗೆ ಎರಡೂ ಕಡೆಯವರು ಇಪ್ಪತ್ತು ವರ್ಷದ ಹತ್ತಿರ ಜೊತೆಗೂಡಿ ದುಡಿದಿದ್ದರು. ಇಪ್ಪತ್ತು ವರ್ಷ ಜೊತೆ ನುಡಿಸೋದಕ್ಕೆ ಕುತೂಹಲ ಸಾಲದು, ಸ್ನೇಹ ಬೇಕು, ತಾಲೀಮು ಬೇಕು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುವ ಸಲಿಗೆ ಬೇಕು. ಇದನ್ನು ಗೆದ್ದವರು ಸೋತವರ ಕಥೆ ಮಾಡಿದರೆ ಸಂಗೀತವೇ ಕಾಣೆಯಾಗ್ತದೆ.

ಹಾಗಾದರೆ ಏನು ಮಾಡಬೇಕು? ಪ್ರಶಸ್ತಿ ಕೊಡಿ ಅಂತ ನಾನು ಕೇಳ್ತಿಲ್ಲ. ಪ್ರತಿಮೆ ಅಂತೂ ಬೇಡವೇ ಬೇಡ, ಕಾಗೆಗಳಿಗೆ ಬೇರೆ ಜಾಗ ಇವೆ. ನಾನು ಕೇಳೋದು ಮೂರು ಸಣ್ಣ ಕೆಲಸ. ಒಂದು, ಈ ಧ್ವನಿಮುದ್ರಣಗಳ ಒಂದು ಪೂರ್ತಿ ಸಂಗ್ರಹ ಕರ್ನಾಟಕದೊಳಗೆ ಸಾರ್ವಜನಿಕರು ಕೇಳುವಂಥ ಒಂದು ಜಾಗದಲ್ಲಿ ಇರಲಿ. ಗಂಗೂಬಾಯಿಯವರ ಹೆಸರಿನಲ್ಲಿ ಸಂಗೀತ ವಿಶ್ವವಿದ್ಯಾಲಯ ಇರುವ ನಾಡು ಇದು. ಎರಡು, ಆ ಕಾಲದಲ್ಲಿ ಜೊತೆಗೆ ನುಡಿಸಿದವರು, ಕಲಿತವರು, ಪ್ರವಾಸ ಮಾಡಿದವರು ಇನ್ನೂ ಇರುವಾಗಲೇ ಅವರ ಬಾಯಿಂದ ಕನ್ನಡದಲ್ಲಿ ಕೇಳಿ ದಾಖಲಿಸಿ. ಮರಿಯಾನೊ 2009ರಲ್ಲಿ ತೀರಿಕೊಂಡ. ಬುರ್ಖಾರ್ಡ್ 2018ರಲ್ಲಿ. ಮಣಿಯವರು 2020ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ. ಎಂಬ್ರಿಯೊವನ್ನು ಈಗ ಬುರ್ಖಾರ್ಡ್‌ನ ಮಗಳು ಮಾರ್ಯಾ ನಡೆಸ್ತಾಳೆ. ಅವರ ಕಡೆ ಕಥೆ ಮುಂದಕ್ಕೆ ದಾಟಿದೆ. ನಮ್ಮ ಕಡೆಯ ಕಥೆ ದಾಟಿಸೋರು ಯಾರು? ಮೂರು, ಕನ್ನಡದಲ್ಲಿ ಸಂಗೀತದ ಮೇಲೆ ಬರೆಯುವವರು ಮುಂದಿನ ಪುಸ್ತಕದಲ್ಲಿ ಲಯಕ್ಕೆ ಒಂದು ಇಡೀ ಅಧ್ಯಾಯ ಕೊಡಿ. ಅನುಬಂಧ ಅಲ್ಲ, ಅಧ್ಯಾಯ. ಅದರಲ್ಲಿ ಕರಡಿ ಮಜಲಿನವರೂ ಇರಲಿ, ಹಲಗೆಯವರೂ ಇರಲಿ, ಮಣಿಯವರ ಶಾಲೆಯೂ ಇರಲಿ.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳ್ತಾರೆ, ನನಗೆ ಗೊತ್ತು: ‘ಮಳೆ ಇಲ್ಲ, ಹೆಸರು ಕಾಳಿಗೆ ರೇಟಿಲ್ಲ, ನಿನಗ ಜಾಝ್ ರಾಕ್ ಚಿಂತಿ ಏನೋ?’ ಹೌದ್ರಿ, ರೇಟಿಲ್ಲ. ಆದರೆ ಅದೇ ರೇಟಿಲ್ಲದ ವರ್ಷವೂ ಜಾತ್ರೆಗೆ ಕರಡಿ ಮಜಲು ಬೇಕೇ ಬೇಕು ಅಂತ ವಂತಿಗೆ ಎತ್ತಿದ್ದು ನೀವೇ ಅಲ್ಲೇನು? ಬಾರಿಸುವವರು ಇಲ್ಲದೆ ತೇರು ಎಳೆಯಲಾರದ ಮಂದಿ ನಾವು. ತೇರು ಎಳೆದು ಮುಗಿದ ಮೇಲೆ ಅವರ ಹೆಸರು ಕೇಳೋದಿಲ್ಲ ಅನ್ನೋದಷ್ಟೇ ನನ್ನ ತಕರಾರು. ಕೇಳಬೇಕು. ಬರೆದಿಡಬೇಕು. ಮುಂದಿನ ಸಲ ತನಿ ಆವರ್ತನ ಶುರುವಾದಾಗ ದಯವಿಟ್ಟು ಕುರ್ಚಿ ಬಿಟ್ಟು ಏಳಬೇಡಿ. ಕಾಫಿ ಎಲ್ಲಿಗೂ ಓಡಿ ಹೋಗೋದಿಲ್ಲ.